ಥಾರ್ ಅಂದರೆ ರೌಡಿ, ಹಳದಿ ಬೋರ್ಡ್ ಅಂದರೆ ಅಡ್ಡಾದಿಡ್ಡಿ: ಕಾರು ನೋಡಿ ಚಾಲಕನ ಜಾತಕ ಹೇಳಬಹುದೇ?

2025ರ ನವೆಂಬರ್‌ನಲ್ಲಿ ಹರಿಯಾಣದ ಪೊಲೀಸ್ ಮಹಾನಿರ್ದೇಶಕರು ಸುದ್ದಿಗಾರರ ಮುಂದೆ ಆಡಿದ ಮಾತೊಂದು ದೇಶದ ತುಂಬ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡಿತು. ಎಲ್ಲ ಗಾಡಿಗಳನ್ನೂ ತಡೆದು ತಪಾಸಣೆ ಮಾಡುವುದಿಲ್ಲ, ಆದರೆ ಮಹೀಂದ್ರದ ಜೀಪಿನಂಥ ಗಾಡಿ ಥಾರ್ ಅಥವಾ ಬುಲೆಟ್ ಬೈಕ್ ಬಂದರೆ ಬಿಡುವುದು ಹೇಗೆ, ಗಾಡಿಯ ಆಯ್ಕೆಯೇ ಮನಃಸ್ಥಿತಿಯನ್ನು ಹೇಳುತ್ತದೆ ಎಂಬುದು ಅದರ ತಾತ್ಪರ್ಯ. ಥಾರ್ ಇಟ್ಟುಕೊಂಡವರು ಸಿಟ್ಟಾದರು, ಉಳಿದವರು ನಕ್ಕರು.

ನಮ್ಮಲ್ಲೂ ಇಂಥ ಪಟ್ಟಿ ಸಿದ್ಧವಾಗಿಯೇ ಇದೆ. ಫಾರ್ಚೂನರ್ ಅಂದರೆ ಪುಢಾರಿ ಇಲ್ಲವೇ ಸೈಟ್ ವ್ಯಾಪಾರಿ. ಬೊಲೆರೊ ಅಂದರೆ ಗುತ್ತಿಗೆದಾರ. ಬಿಳಿ ಡಿಸೈರ್ ಅಂದರೆ ಕ್ಯಾಬ್, ಯಾವ ಕ್ಷಣದಲ್ಲಾದರೂ ನಡುರಸ್ತೆಯಲ್ಲಿ ನಿಲ್ಲಿಸುತ್ತಾನೆ. ಹಳೇ ಮಾರುತಿ 800 ಅಂದರೆ ನಿವೃತ್ತ ಮೇಷ್ಟ್ರು, 40 ದಾಟುವುದಿಲ್ಲ. ಮಡಿಕೇರಿ ಘಾಟಿಯಲ್ಲಿ ಕೆಎ 01 ಅಥವಾ ಕೆಎ 05 ಕಂಡರೆ ‘ಬೆಂಗಳೂರು ಗಾಡಿ, ಹುಷಾರು’.

ಈ ಮಾತುಗಳಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಗಂಟುಬಿದ್ದಿವೆ: ಕೊಳ್ಳುವವರ ಸ್ವಭಾವ, ಗಾಡಿಯ ಮೈಕಟ್ಟು, ಗಾಡಿ ಮಾಡುವ ಕೆಲಸ, ಮತ್ತು ನೋಡುವವರ ಕಣ್ಣು. ಗಂಟು ಬಿಡಿಸಿದರೆ ಯಾವ ಮಾತಿನಲ್ಲಿ ಹುರುಳಿದೆ, ಯಾವುದರಲ್ಲಿ ಇಲ್ಲ ಎಂದು ನೋಡಬಹುದು.

ಪಡಿಯಚ್ಚು: ಮುದ್ರಣಾಲಯದಿಂದ ಬಂದ ಪದ

ಒಂದು ಗುಂಪಿನ ಎಲ್ಲರಿಗೂ ಒಂದೇ ಗುಣ ಅಂಟಿಸಿ ನೋಡುವುದಕ್ಕೆ ಇಂಗ್ಲಿಷಿನಲ್ಲಿ ಸ್ಟೀರಿಯೋಟೈಪ್ ಅನ್ನುತ್ತಾರೆ. 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮುದ್ರಕ ಫರ್ಮಿನ್ ದಿದೊ ಬಳಕೆಗೆ ತಂದ ಪದ ಅದು. ಅಕ್ಷರದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟಿ, ಅದರ ಅಚ್ಚು ತೆಗೆದು, ಸೀಸ ಎರೆದು ಇಡೀ ಪುಟವನ್ನೇ ಒಂದು ತಗಡಾಗಿ ಮಾಡುವ ವಿಧಾನ. ಆಮೇಲೆ ಸಾವಿರ ಪ್ರತಿ ತೆಗೆದರೂ ಎಲ್ಲವೂ ಒಂದೇ. ತಪ್ಪಕ್ಷರ ಇದ್ದರೆ ಸಾವಿರದಲ್ಲೂ ಅದೇ ತಪ್ಪು, ಏಕೆಂದರೆ ತಗಡಿನಲ್ಲಿ ಒಂದು ಮೊಳೆ ಕಿತ್ತು ಬೇರೆಯದನ್ನು ಕೂರಿಸಲಾಗದು. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಈ ಪದವನ್ನು ನಮ್ಮ ತಲೆಯೊಳಗಿನ ಸಿದ್ಧಚಿತ್ರಗಳಿಗೆ ಬಳಸಿದರು. ಕನ್ನಡದ ‘ಪಡಿಯಚ್ಚು’ ಎರಡೂ ಅರ್ಥಕ್ಕೆ ಸರಿಯಾಗಿ ಕೂರುತ್ತದೆ.

ರಸ್ತೆಯಲ್ಲಿ ಪಡಿಯಚ್ಚು ಬೇಗ ಮೂಡಲು ಕಾರಣವಿದೆ. ಎದುರಿನ ಚಾಲಕನ ಮುಖ ಕಾಣುವುದಿಲ್ಲ, ಮಾತಾಡಿಸಲಾಗದು, ನೋಡಲು ಸಿಗುವುದು ಎರಡು ಮೂರು ಸೆಕೆಂಡು. ಕಾಣುವುದು ಗಾಡಿ ಮತ್ತು ನಂಬರ್ ಪ್ಲೇಟ್ ಮಾತ್ರ. ಇದ್ದಷ್ಟರಲ್ಲೇ ಮನಸ್ಸು ಚಿತ್ರ ಪೂರ್ತಿ ಮಾಡಿಕೊಳ್ಳುತ್ತದೆ.

ಮೊದಲು ಎಣಿಕೆ

‘ಅಡ್ಡ ನುಗ್ಗಿಸುವವರಲ್ಲಿ ಹೆಚ್ಚಿನವರು ಎಸ್‌ಯುವಿಯವರೇ’ ಎಂಬ ಮಾತನ್ನು ತೆಗೆದುಕೊಳ್ಳಿ. ಭಾರತದಲ್ಲಿ 2024-25ರಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು ಸುಮಾರು 43 ಲಕ್ಷ. ಅವುಗಳಲ್ಲಿ ಸುಮಾರು 28 ಲಕ್ಷ, ಅಂದರೆ ಶೇ 65ರಷ್ಟು, ಎಸ್‌ಯುವಿ ಮತ್ತು ಎಂಪಿವಿ (ಹೆಚ್ಚು ಜನ ಕೂರುವ ಕುಟುಂಬದ ಗಾಡಿ) ಸೇರಿದ ಯುಟಿಲಿಟಿ ವಾಹನಗಳು. ಹೊಸ ಕಾರುಗಳೇ ತುಂಬಿದ ಬಡಾವಣೆಯಲ್ಲಿ ನಿಂತು ನುಗ್ಗಿಸುವವರನ್ನು ಎಣಿಸಿದರೆ ನೂರರಲ್ಲಿ 65 ಇವೇ ಆಗಿರಬೇಕು. ಅದಕ್ಕೆ ಚಾಲಕರು ಕೆಟ್ಟವರಾಗಿರಬೇಕಿಲ್ಲ, ಸಂಖ್ಯೆ ಹೆಚ್ಚಿದ್ದರೆ ಸಾಕು. ಪ್ರಶ್ನೆ ‘ನುಗ್ಗಿಸಿದವರಲ್ಲಿ ಎಷ್ಟು ಎಸ್‌ಯುವಿ’ ಎಂಬುದಲ್ಲ, ‘ಎಸ್‌ಯುವಿಗಳಲ್ಲಿ ಎಷ್ಟು ನುಗ್ಗಿಸಿದವು’ ಎಂಬುದು. ಎರಡನೆಯದನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ಸುಮ್ಮನೆ ತಮ್ಮ ಪಾಡಿಗೆ ಹೋದ ಗಾಡಿ ನೆನಪಿನಲ್ಲಿ ಉಳಿಯುವುದೇ ಇಲ್ಲ.

ಓಡಿದ ದೂರವನ್ನೂ ಹಿಡಿಯಬೇಕು. ಕ್ಯಾಬ್ ದಿನಕ್ಕೆ 200 ಕಿ.ಮೀ., ಮನೆಯ ಕಾರು 25 ಕಿ.ಮೀ. ಓಡುತ್ತದೆ ಅಂದುಕೊಳ್ಳಿ. ಇಬ್ಬರೂ 100 ಕಿ.ಮೀ.ಗೆ ಒಂದು ತಪ್ಪು ಮಾಡುವವರೇ. ಕ್ಯಾಬ್‌ನ ತಪ್ಪು ದಿನಕ್ಕೆ ಎರಡಾಗುತ್ತದೆ, ಮನೆ ಕಾರಿನದು ನಾಲ್ಕು ದಿನಕ್ಕೊಂದು. ಒಂದೇ ಮಟ್ಟದ ಚಾಲಕರು, ಕಣ್ಣಿಗೆ ಬೀಳುವ ತಪ್ಪು ಮಾತ್ರ ಎಂಟು ಪಟ್ಟು.

ಇನ್ನು ಅಪರೂಪದ ಗಾಡಿಗಳ ವಿಷಯ. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಜನರಿಗೆ 39 ವಾಕ್ಯಗಳನ್ನು ತೋರಿಸಿದರು. ‘ಎ’ ಗುಂಪಿನವರ ಬಗ್ಗೆ 26: ಒಳ್ಳೆಯವು 18, ಕೆಟ್ಟವು 8. ‘ಬಿ’ ಗುಂಪಿನವರ ಬಗ್ಗೆ 13: ಒಳ್ಳೆಯವು 9, ಕೆಟ್ಟವು 4. ಎರಡರಲ್ಲೂ ಅದೇ 9ಕ್ಕೆ 4ರ ಅನುಪಾತ. ಆದರೂ ನೆನಪಿನಿಂದ ಹೇಳಿ ಅಂದಾಗ ಜನ ಕೆಟ್ಟ ಕೆಲಸಗಳನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ‘ಬಿ’ ತಲೆಗೆ ಕಟ್ಟಿದರು. ಚಿಕ್ಕ ಗುಂಪು ವಿರಳ, ಕೆಟ್ಟ ಕೆಲಸವೂ ವಿರಳ. ಎರಡು ವಿರಳ ಸಂಗತಿಗಳು ಒಟ್ಟಿಗೆ ಬಂದಾಗ ಮನಸ್ಸು ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ದುಂಡು ಹೆಡ್‌ಲೈಟು, ಚೌಕದ ಮೈ, ಹಿಂದೆ ನೇತುಬಿದ್ದ ಸ್ಟೆಪ್ನಿ ಇರುವ ಥಾರ್ ಕಟ್ ಹೊಡೆದರೆ ಸಂಜೆವರೆಗೂ ನೆನಪಿರುತ್ತದೆ. ಬೂದು ಬಣ್ಣದ ಹ್ಯಾಚ್‌ಬ್ಯಾಕ್ ಅದನ್ನೇ ಮಾಡಿದರೆ ಮುಂದಿನ ಸಿಗ್ನಲ್‌ಗೆ ಮರೆತುಹೋಗುತ್ತದೆ.

ಹಾರ್ನ್ ಯಾರಿಗೆ ಹೊಡೆಯುತ್ತೇವೆ?

ಪಡಿಯಚ್ಚು ನೋಡುವವರ ನಡತೆಯನ್ನೂ ಬದಲಿಸುತ್ತದೆ. 1968ರಲ್ಲಿ ಪ್ರಕಟವಾದ ಆಂಟನಿ ಡೂಬ್ ಮತ್ತು ಆಲನ್ ಗ್ರಾಸ್ ಅವರ ಪ್ರಯೋಗ ಇದಕ್ಕೆ ಹೆಸರುವಾಸಿ. ಕ್ಯಾಲಿಫೋರ್ನಿಯಾದ ಸಿಗ್ನಲ್‌ಗಳಲ್ಲಿ ಹಸಿರು ಬಂದ ಮೇಲೂ ಕಾರನ್ನು ಕದಲಿಸದೆ ನಿಲ್ಲಿಸಿಕೊಂಡರು. ಕೆಲವು ಸಲ ಹೊಳೆಯುವ ಕ್ರೈಸ್ಲರ್ ಇಂಪೀರಿಯಲ್, ಕೆಲವು ಸಲ ಹಳೆಯ ಅಗ್ಗದ ಕಾರು. ಹಳೆಯದರ ಹಿಂದಿದ್ದವರಲ್ಲಿ ಶೇ 84ರಷ್ಟು ಮಂದಿ ಹಾರ್ನ್ ಹೊಡೆದರು, ದುಬಾರಿಯದರ ಹಿಂದೆ ಶೇ 50. ಇಬ್ಬರಂತೂ ಹಾರ್ನ್ ಸಾಲದೆಂದು ಹಳೆಯ ಕಾರಿನ ಬಂಪರಿಗೇ ಗುದ್ದಿದರು. ಅವರನ್ನು ಲೆಕ್ಕದಿಂದ ಬಿಡಬೇಕಾಯಿತು.

‘ನೀವಾಗಿದ್ದರೆ ಯಾವ ಕಾರಿಗೆ ಬೇಗ ಹಾರ್ನ್ ಹೊಡೆಯುತ್ತಿದ್ದಿರಿ’ ಎಂದು ಬೇರೆ ವಿದ್ಯಾರ್ಥಿಗಳನ್ನು ಬರಹದಲ್ಲಿ ಕೇಳಿದಾಗ ಹುಡುಗರು ದುಬಾರಿ ಕಾರಿಗೇ ಅಂದರು. ರಸ್ತೆಯಲ್ಲಿ ನಡೆದದ್ದು ತಿರುವುಮುರುವು. ಮಾರುತಿ 800ಕ್ಕೆ ಹಿಂದಿನಿಂದ ಒಂದೇ ಸಮ ಹಾರ್ನ್ ಬೀಳುವುದೂ ಫಾರ್ಚೂನರಿಗೆ ದಾರಿ ತಾನಾಗಿ ಬಿಡುವುದೂ ಇದೇ ಜಾತಿಯದು. ದಾರಿ ಸಿಕ್ಕವನು ಮುಂದೆ ಹೋಗುತ್ತಾನೆ, ಹಾಗೆ ಹೋದದ್ದನ್ನು ನಾವು ‘ನುಗ್ಗಿದ’ ಅನ್ನುತ್ತೇವೆ.

ಗಾಡಿಯ ಎತ್ತರ ಮಾಡುವ ಕೆಲಸ

ಗಾಡಿ ನಿಜವಾಗಿಯೂ ಚಾಲಕನನ್ನು ಬದಲಿಸುವ ಜಾಗ ಇದು. ಎಷ್ಟು ವೇಗದಲ್ಲಿದ್ದೇವೆ ಎಂಬ ಅಂದಾಜನ್ನು ಕಣ್ಣು ಹೆಚ್ಚಾಗಿ ಹಿಡಿಯುವುದು ಮುಂದಿನ ನೆಲ ಎಷ್ಟು ಬೇಗ ಹಿಂದಕ್ಕೆ ಸರಿಯುತ್ತಿದೆ ಎಂಬುದರಿಂದ. ಕಣ್ಣು ನೆಲಕ್ಕೆ ಹತ್ತಿರವಿದ್ದಷ್ಟೂ ನೆಲ ವೇಗವಾಗಿ ಓಡಿದಂತೆ ಕಾಣುತ್ತದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಂತ ಮಗುವಿಗೆ 40 ಕಿ.ಮೀ. ಭಯಂಕರ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಿಗೆ ಅದೇ 40 ಆಮೆ ನಡಿಗೆ.

ಲೆಕ್ಕ ಹಾಕಿ ನೋಡಿ. ಹ್ಯಾಚ್‌ಬ್ಯಾಕ್‌ನಲ್ಲಿ ಕಣ್ಣು ನೆಲದಿಂದ ಸುಮಾರು 1.2 ಮೀಟರ್, ಎತ್ತರದ ಎಸ್‌ಯುವಿಯಲ್ಲಿ 1.6 ಮೀಟರ್ ಅಂದುಕೊಳ್ಳಿ. 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಇದನ್ನು ಕಣ್ಣಿನ ಎತ್ತರವಾದ 1.2ರಿಂದ ಭಾಗಿಸಿದರೆ 13.9; ನೆಲ ಎಷ್ಟು ಬೇಗ ಸರಿದಂತೆ ಕಾಣುತ್ತದೆ ಎಂಬುದರ ಅಳತೆ ಇದು. ಎಸ್‌ಯುವಿಯಲ್ಲಿ ಅದೇ 13.9 ಬರಬೇಕಾದರೆ 80 ಕಿ.ಮೀ. ವೇಗ ಬೇಕು. ಅಂದರೆ ಮೀಟರ್ ನೋಡದೆ ಓಡಿಸಿದರೆ ಎತ್ತರದಲ್ಲಿ ಕೂತವನಿಗೆ 80 ಕೂಡ ಕೆಳಗೆ ಕೂತವನ 60ರಂತೆ ಕಾಣುತ್ತದೆ. ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ನಡೆಸಿದ ಪರೀಕ್ಷೆಗಳಲ್ಲೂ, ಸ್ಪೀಡೋಮೀಟರ್ ಮುಚ್ಚಿದಾಗ, ಕಣ್ಣು ಎತ್ತರದಲ್ಲಿದ್ದವರು ಹೆಚ್ಚು ವೇಗವಾಗಿ ಓಡಿಸಿದರು. ಮರಗಳು, ಕಟ್ಟಡಗಳು, ಶಬ್ದ, ಅದುರು ಇವೂ ವೇಗದ ಸುಳಿವು ಕೊಡುವುದರಿಂದ ನಿಜ ರಸ್ತೆಯಲ್ಲಿ ವ್ಯತ್ಯಾಸ ಇಷ್ಟು ದೊಡ್ಡದಿರದು. ಆದರೂ ಸಣ್ಣ ಕಾರಿನಿಂದ ಎಸ್‌ಯುವಿಗೆ ಹೊಸದಾಗಿ ಬಂದವರು ಮೊದಲ ಕೆಲವು ವಾರ ಮೀಟರಿನ ಮೇಲೆ ಕಣ್ಣಿಡುವುದು ಒಳ್ಳೆಯದು.

‘ಡಿಪ್ ಮಾಡಲ್ಲ, ಸೊಕ್ಕು’

ರಾತ್ರಿ ಎದುರಿನಿಂದ ಬರುವ ದೊಡ್ಡ ಗಾಡಿಯ ಬಗ್ಗೆ ಇರುವ ಸಾಮಾನ್ಯ ದೂರು ಇದು. ಹೈಬೀಮ್ ಹಾಕಿಕೊಂಡೇ ಬರುವವರು ಬೇಕಾದಷ್ಟಿದ್ದಾರೆ, ಅವರ ಪರ ವಕಾಲತ್ತು ಬೇಡ. ಆದರೆ ಡಿಪ್‌ನಲ್ಲೇ ಇದ್ದೂ ಕಣ್ಣು ಕುಕ್ಕುವ ಗಾಡಿಗಳೂ ಇವೆ.

ಡಿಪ್ ಬೆಳಕು ಸಮತಲವಾಗಿ ಹೋಗುವುದಿಲ್ಲ, ಸಾಮಾನ್ಯವಾಗಿ ಶೇ 1ರಿಂದ 1.5ರಷ್ಟು ಕೆಳಕ್ಕೆ ಬಾಗಿರುತ್ತದೆ. ಶೇ 1 ಅಂದರೆ ಪ್ರತಿ ಮೀಟರಿಗೆ 1 ಸೆಂ.ಮೀ. ಇಳಿತ. ಹೆಡ್‌ಲೈಟ್ ನೆಲದಿಂದ 100 ಸೆಂ.ಮೀ. ಎತ್ತರದಲ್ಲಿದ್ದರೆ 20 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು 80 ಸೆಂ.ಮೀ.ಗೆ ಇಳಿದಿರುತ್ತದೆ. ಎದುರಿನ ಹ್ಯಾಚ್‌ಬ್ಯಾಕ್ ಚಾಲಕನ ಕಣ್ಣು 120ರಲ್ಲಿ, ತೊಂದರೆ ಇಲ್ಲ.

ಈಗ ಹೆಡ್‌ಲೈಟ್ ಹಾಗಿರುವ ಗಾಡಿ ಏಳು ಸೀಟಿನದು ಅಂದುಕೊಳ್ಳಿ. ಅದಕ್ಕೆ ಏಳು ಜನ ಹತ್ತಿ, ಹಿಂದೆ ಬ್ಯಾಗು ತುಂಬಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದಾರೆ. ಭಾರಕ್ಕೆ ಹಿಂಭಾಗ 6 ಸೆಂ.ಮೀ. ಕುಸಿದಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.75 ಮೀಟರ್ ಇದ್ದರೆ ಗಾಡಿಯ ಮೂತಿ ಶೇ 2.2ರಷ್ಟು ಮೇಲೆದ್ದ ಹಾಗಾಯಿತು. ಶೇ 1 ಕೆಳಕ್ಕಿದ್ದ ಬೆಳಕು ಈಗ ಶೇ 1.2 ಮೇಲಕ್ಕೆ. ಅದೇ 20 ಮೀಟರ್ ದೂರದಲ್ಲಿ ಮೇಲಂಚು 124 ಸೆಂ.ಮೀ. ನೇರ ಕಣ್ಣಿಗೆ. ಎದುರಿನವನು ಲೈಟ್ ಮಿಟುಕಿಸುತ್ತಾನೆ, ಇವನು ‘ಡಿಪ್‌ನಲ್ಲೇ ಇದ್ದೀನಲ್ಲ’ ಎಂದು ತಿರುಗಿ ಮಿಟುಕಿಸುತ್ತಾನೆ. ಇಬ್ಬರ ಲೆಕ್ಕದಲ್ಲೂ ಮತ್ತೊಬ್ಬ ಸೊಕ್ಕಿನವನು.

ಇದಕ್ಕೆ ಮದ್ದು ಬಹುತೇಕ ಕಾರುಗಳಲ್ಲಿ ಸ್ಟೀರಿಂಗಿನ ಬಲಗಡೆ, ಡ್ಯಾಶ್‌ಬೋರ್ಡಿನ ಕೆಳಗೇ ಇರುತ್ತದೆ: 0, 1, 2, 3 ಎಂದು ಬರೆದ ಸಣ್ಣ ತಿರುಗು ಗುಂಡಿ. ಚಾಲಕ ಒಬ್ಬನೇ ಇದ್ದಾಗ 0, ಸೀಟು ತುಂಬಿ ಡಿಕ್ಕಿಯಲ್ಲಿ ಭಾರವಿದ್ದರೆ 2 ಅಥವಾ 3; ಕಾರಿನ ಕೈಪಿಡಿಯಲ್ಲಿ ಯಾವ ಭಾರಕ್ಕೆ ಯಾವ ಅಂಕಿ ಎಂದು ಕೊಟ್ಟಿರುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕೆಳಕ್ಕಿಳಿಯುತ್ತದೆ. ಮನೆಯಲ್ಲೇ ಪರೀಕ್ಷಿಸುವುದಾದರೆ ಸಮತಟ್ಟಾದ ಜಾಗದಲ್ಲಿ, ಟೈರಿನ ಗಾಳಿ ಸರಿಯಿರುವಾಗ, ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಹೆಡ್‌ಲೈಟಿನ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಗುರುತಿಗಿಂತ 5ರಿಂದ 7 ಸೆಂ.ಮೀ. ಕೆಳಗೆ ಬೀಳಬೇಕು. ಗುರುತಿನ ಮೇಲೆ ಬಿದ್ದರೆ ಗ್ಯಾರೇಜಿನಲ್ಲಿ ಅಲೈನ್ ಮಾಡಿಸಬೇಕು. ಹ್ಯಾಲೋಜೆನ್ ಬಲ್ಬಿನ ಜಾಗಕ್ಕೆ ಹೊರಗಡೆಯ ಎಲ್‌ಇಡಿ ಬಲ್ಬ್ ಹಾಕಿಸಿದ್ದರೆ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ: ಬೆಳಕು ಹುಟ್ಟುವ ಜಾಗವೇ ಬದಲಾಗಿರುವುದರಿಂದ ಅಂಚು ಕಲಸಿ ಎಲ್ಲ ಕಡೆ ಚೆಲ್ಲುತ್ತದೆ.

ಹಳದಿ ಬೋರ್ಡು, ಕಪ್ಪು ಬೋರ್ಡು

ಬಿಳಿ ಪ್ಲೇಟಿನ ಮೇಲೆ ಕಪ್ಪಕ್ಷರ ಸ್ವಂತ ಬಳಕೆಯ ಗಾಡಿ. ಹಳದಿಯ ಮೇಲೆ ಕಪ್ಪು ಬಾಡಿಗೆ ಗಾಡಿ. ಕಪ್ಪಿನ ಮೇಲೆ ಹಳದಿ ಅಕ್ಷರ ಇದ್ದರೆ ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಹಸಿರು ಪ್ಲೇಟು ವಿದ್ಯುತ್ ವಾಹನ.

ಹಳದಿ ಬೋರ್ಡಿನವರ ಮೇಲಿರುವ ದೊಡ್ಡ ದೂರು, ಹೆದ್ದಾರಿಯ ಬಲಗಡೆ ಲೇನಿನಲ್ಲಿ ಅಡ್ಡ ಹಾಕಿಕೊಂಡು ಹೋಗುತ್ತಾರೆ ಎಂಬುದು. ಟ್ಯಾಕ್ಸಿಗಳಿಗೆ 80 ಕಿ.ಮೀ.ಗೆ ಕಟ್ಟಿದ ಸ್ಪೀಡ್ ಗವರ್ನರ್ ಇರಬೇಕೆಂಬ ನಿಯಮವಿದೆ. ಅಷ್ಟಾದ ಮೇಲೆ ಎಷ್ಟು ತುಳಿದರೂ ಗಾಡಿ ಏರುವುದಿಲ್ಲ. 75ರಲ್ಲಿ ಹೋಗುತ್ತಿರುವ 12 ಮೀಟರ್ ಉದ್ದದ ಲಾರಿಯನ್ನು ಅಂಥ ಟ್ಯಾಕ್ಸಿ ಓವರ್‌ಟೇಕ್ ಮಾಡಬೇಕು. ಇಬ್ಬರ ನಡುವಿನ ವೇಗದ ವ್ಯತ್ಯಾಸ 5 ಕಿ.ಮೀ., ಅಂದರೆ ಸೆಕೆಂಡಿಗೆ 1.4 ಮೀಟರ್. ಲಾರಿಯ ಉದ್ದ, ಕಾರಿನ ಉದ್ದ, ಹಿಂದೆ ಮುಂದೆ ತಲಾ 20 ಮೀಟರ್ ಅಂತರ ಸೇರಿ 56 ಮೀಟರ್ ದಾಟಲು 40 ಸೆಕೆಂಡು ಬೇಕು. ಅಷ್ಟರಲ್ಲಿ ಟ್ಯಾಕ್ಸಿ ಸುಮಾರು 890 ಮೀಟರ್ ಸಾಗಿರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗಿರುವ 100ರ ಮಿತಿಯಲ್ಲೇ ಬರುತ್ತಿರುವ ಬಿಳಿ ಬೋರ್ಡಿನವನಿಗೆ ಆ 40 ಸೆಕೆಂಡು ಯುಗದಂತೆ ಕಾಣುತ್ತದೆ. ಇಲ್ಲಿ ಟ್ಯಾಕ್ಸಿಯವನ ತಪ್ಪು ಇರುವುದು ದಾಟಿದ ಮೇಲೂ ಎಡಕ್ಕೆ ಸರಿಯದಿದ್ದರೆ ಮಾತ್ರ.

ಕಪ್ಪು ಬೋರ್ಡಿನ ಕಥೆ ಬೇರೆ. ಅಲ್ಲಿ ಸಮಸ್ಯೆ ಸ್ವಭಾವದ್ದಲ್ಲ, ಪರಿಚಯದ್ದು. ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಚುರುಕು, ಎಡಗಡೆ ಮೂಲೆ ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯುವ ಮೊದಲೇ ನಂದಿಬೆಟ್ಟದ ತಿರುವು ಬಂದಿರುತ್ತದೆ.

ಘಾಟಿಯಲ್ಲಿ ‘ಬೆಂಗಳೂರು ಗಾಡಿ’ ಎಂಬ ಸಿಡುಕಿನ ಹಿಂದೆಯೂ ಅಂಥದ್ದೇ ಇದೆ. ಇಕ್ಕಟ್ಟಿನ ಬೆಟ್ಟದ ರಸ್ತೆಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಿಯಮ. ಬಯಲುಸೀಮೆಯಲ್ಲೇ ಓಡಿಸಿದವರಿಗೆ ಅದು ಅಭ್ಯಾಸವಿರುವುದಿಲ್ಲ. ಆದರೆ ನಂಬರ್ ನೋಡಿ ಊರು ಹೇಳುವುದು ಕಷ್ಟ. ರಾಜ್ಯದೊಳಗೆ ಕಾರು ಕೈ ಬದಲಾದರೆ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ಜಯನಗರದಲ್ಲಿ ನೋಂದಣಿಯಾದ ಕೆಎ 05 ಕಾರು ಸೆಕೆಂಡ್ ಹ್ಯಾಂಡ್ ಆಗಿ ಸೋಮವಾರಪೇಟೆಯ ಕಾಫಿ ಬೆಳೆಗಾರರ ಮನೆಯಲ್ಲೇ ಇರಬಹುದು.

ಗಾಡಿಯ ಕೆಲಸಕ್ಕೂ ಹೆಸರಿಗೂ ಸಂಬಂಧವೇ ಇಲ್ಲದೆ ಸಿನಿಮಾದಿಂದ ಬಂದ ಪಡಿಯಚ್ಚುಗಳೂ ಇವೆ. 1984ರಲ್ಲಿ ಬಂದು 2019ರಲ್ಲಿ ನಿಂತ ಮಾರುತಿ ಓಮ್ನಿ ಎರಡು ತಲೆಮಾರಿಗೆ ‘ಕಿಡ್ನ್ಯಾಪ್ ವ್ಯಾನ್’. ಪಕ್ಕಕ್ಕೆ ಸರಿಯುವ ಬಾಗಿಲು ತೆಗೆದು ಎಳೆದುಹಾಕಿಕೊಳ್ಳುವುದು ಚಿತ್ರೀಕರಣಕ್ಕೆ ಸಲೀಸು, ಅಷ್ಟೆ. ಊರಿನಲ್ಲಿ ಅದು ಮಕ್ಕಳನ್ನು ಶಾಲೆಗೆ ಒಯ್ಯುತ್ತಿತ್ತು, ಬೇಕರಿಗೆ ಬ್ರೆಡ್ ಹಾಕುತ್ತಿತ್ತು, ಆಂಬ್ಯುಲೆನ್ಸ್ ಆಗಿತ್ತು.

ಸ್ವಭಾವಕ್ಕೂ ಕಾರಿಗೂ ನಂಟಿಲ್ಲವೇ?

ಸ್ವಲ್ಪ ಇದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಯಾನ್-ಎರಿಕ್ ಲೋನ್‌ಕ್ವಿಸ್ಟ್ ಮತ್ತು ಸಂಗಡಿಗರು ಫಿನ್ಲೆಂಡಿನ 1,892 ಕಾರು ಮಾಲೀಕರ ಸ್ವಭಾವ ಅಳೆದು 2020ರಲ್ಲಿ ಪ್ರಕಟಿಸಿದರು. ಜಗಳಗಂಟ, ತನ್ನದೇ ನಡೆಯಬೇಕೆನ್ನುವ ಗಂಡಸರಲ್ಲಿ ಔಡಿ, ಬಿಎಂಡಬ್ಲ್ಯು, ಮರ್ಸಿಡಿಸ್‌ನಂಥ ಕಾರು ಹೆಚ್ಚಾಗಿ ಕಂಡವು. ಹೆಂಗಸರಲ್ಲಿ ಈ ನಂಟು ಸಿಗಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಗುಂಪೂ ಇಂಥ ಕಾರುಗಳನ್ನೇ ಇಟ್ಟುಕೊಂಡಿತ್ತು: ಅಚ್ಚುಕಟ್ಟಿನ, ಹೇಳಿದ ಮಾತು ನಡೆಸುವ, ಕೆಲಸದಲ್ಲಿ ಶ್ರದ್ಧೆಯಿರುವ ಗಂಡಸರು ಮತ್ತು ಹೆಂಗಸರು. ಹಾಗಾಗಿ ಕಪ್ಪು ಮರ್ಸಿಡಿಸ್ ಕಂಡರೆ ಒಳಗಿರುವುದು ಎರಡರಲ್ಲಿ ಯಾರು ಎಂದು ಹೊರಗಿನಿಂದ ತಿಳಿಯದು. ಅಲ್ಲದೆ ಈ ಅಧ್ಯಯನ ಕೇಳಿದ್ದು ಯಾವ ಕಾರು ಇದೆ ಎಂದು, ಅದನ್ನು ಹೇಗೆ ಓಡಿಸುತ್ತಾರೆ ಎಂದಲ್ಲ.

ಓಡಿಸುವುದನ್ನು ನೋಡಿದ ಅಧ್ಯಯನಗಳು ಬೇರೆ ಇವೆ. 2012ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದರಲ್ಲಿ 152 ಕಾರುಗಳನ್ನು ಅಂದಾಜು ಬೆಲೆಯ ಮೇಲೆ ಐದು ದರ್ಜೆ ಮಾಡಿ, ಪಾದಚಾರಿಗೆ ನಿಲ್ಲುತ್ತವೆಯೇ ಎಂದು ನೋಡಿದರು. ಅತಿ ಅಗ್ಗದ ದರ್ಜೆಯವರೆಲ್ಲ ನಿಂತರು, ಅತಿ ದುಬಾರಿ ದರ್ಜೆಯಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿ ನಿಲ್ಲಲಿಲ್ಲ. 2020ರಲ್ಲಿ ಲಾಸ್ ವೇಗಸ್‌ನಲ್ಲಿ 461 ಕಾರುಗಳನ್ನು ನೋಡಿದಾಗ ನಿಂತವರೇ ಶೇ 28. ಕಾರಿನ ಬೆಲೆ 1,000 ಡಾಲರ್ ಏರಿದಂತೆಲ್ಲ ನಿಲ್ಲುವ ಸಾಧ್ಯತೆ ಶೇ 3ರಷ್ಟು ಇಳಿಯಿತು.

ಇವನ್ನು ಹಾಗೇ ಎತ್ತಿ ನಮ್ಮ ರಸ್ತೆಗೆ ಇಡಲಾಗದು. ಅಲ್ಲಿ ಕಾರಿನವನೇ ಓಡಿಸುತ್ತಾನೆ. ಇಲ್ಲಿ ದುಬಾರಿ ಕಾರಿನ ಸ್ಟೀರಿಂಗ್ ಹಿಡಿದವನು ಬಹಳ ಸಲ ಸಂಬಳದ ಚಾಲಕ. ಅವನ ಅವಸರ ಹಿಂದಿನ ಸೀಟಿನದೋ ಅವನದೋ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ವಿಮೆಯವರು ಏನು ನೋಡುತ್ತಾರೆ?

ಅಪಾಯವನ್ನು ಹಣದಲ್ಲಿ ಅಳೆಯುವುದೇ ವಿಮಾ ಕಂಪನಿಗಳ ಕಸುಬು. ಮಾದರಿಯ ಹೆಸರಿಗೆ ಗುಣ ಅಂಟಿದ್ದರೆ ಅವರ ಲೆಕ್ಕದಲ್ಲಿ ಕಾಣಬೇಕಿತ್ತು. ಎದುರಿನವರಿಗೆ ಆಗುವ ಹಾನಿಗೆ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897. ಆ ಪಟ್ಟಿಯ ಪ್ರಕಾರ 1.5 ಲೀಟರ್ (1500 ಸಿಸಿ ಒಳಗಿನ) ಡೀಸೆಲ್ ಥಾರ್‌ಗೆ 3,416 ಆದರೆ, ನೋಡಲು ಅದರ ಅವಳಿಯಂತಿರುವ 2.2 ಲೀಟರ್ ಥಾರ್‌ಗೆ 7,897. ಎಂಜಿನ್ ಅಷ್ಟೇ ಲೆಕ್ಕಕ್ಕೆ ಬಂತು, ಹೆಸರಲ್ಲ. ಸ್ವಂತ ಕಾರಿನ ಹಾನಿಗೆ ಮಾಡಿಸುವ ವಿಮೆಯಲ್ಲಿ ಕಾರಿನ ಬೆಲೆ, ವಯಸ್ಸು, ನೋಂದಣಿಯ ಊರು ಇತ್ಯಾದಿ ಸೇರುತ್ತವೆ. ಕೆಂಪು ಕಾರಿಗೆ ವಿಮೆ ಹೆಚ್ಚು ಎಂಬುದು ಬರೀ ಗಾಳಿಮಾತು.

ಚಾಲಕನ ನಡತೆಗೆ ಹತ್ತಿರವಾದ ಅಂಶ ಒಂದಿದೆ, ನೋ ಕ್ಲೇಮ್ ಬೋನಸ್ (ಎನ್‌ಸಿಬಿ). ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಮುಂದೆ 25, 35, 45, ಐದು ವರ್ಷಕ್ಕೆ ಶೇ 50 ರಿಯಾಯಿತಿ. ಇದು ಕಾರಿಗೆ ಅಂಟುವುದಿಲ್ಲ, ಮಾಲೀಕರ ಹೆಸರಿನಲ್ಲಿ ಇರುತ್ತದೆ. ಐದು ವರ್ಷ ಕ್ಲೇಮ್ ಮಾಡದೆ ಆಲ್ಟೊ ಓಡಿಸಿದವರು ಅದನ್ನು ಮಾರಿ ಥಾರ್ ಕೊಂಡರೆ ಶೇ 50 ರಿಯಾಯಿತಿ ಥಾರ್‌ಗೆ ಬರುತ್ತದೆ. ಆಲ್ಟೊ ಕೊಂಡವರಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಓಡಿಸುವ ರೀತಿಯನ್ನೇ ಅಳೆದು ಪ್ರೀಮಿಯಂ ನಿಗದಿ ಮಾಡುವ ಹೆಚ್ಚುವರಿ ಯೋಜನೆಗಳಿಗೂ ಅವಕಾಶ ಕೊಟ್ಟಿತು. ಕಾರಿಗೆ ಜೋಡಿಸಿದ ಸಾಧನ ಅಥವಾ ಫೋನಿನ ಆ್ಯಪ್ ಮೂಲಕ ವೇಗ, ಗಕ್ಕನೆ ಹಾಕುವ ಬ್ರೇಕ್‌ನಂಥವನ್ನು ಅಳೆಯುವ ಪದ್ಧತಿ ಇದು.

ಕಾರು ಮಾರುವವರು ಬೋನಸ್ ಉಳಿಸಿಕೊಳ್ಳಲು ಆರ್‌ಸಿ ವರ್ಗಾವಣೆಯ ದಾಖಲೆ ಕೊಟ್ಟು ಹಳೆಯ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆಯಬೇಕು; ಅದು ಮೂರು ವರ್ಷ ನಡೆಯುತ್ತದೆ. ಕಾರು ಇಟ್ಟುಕೊಂಡೇ ಇರುವವರು ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಐದು ವರ್ಷದ ಗಳಿಕೆಯೂ ಸೊನ್ನೆಗೆ ಬರುತ್ತದೆ.